ಎಲೆ ಕೀಳುವವನ ಮೇಲೆ ಗುಮಾನಿ

ಹೂ ಕಿತ್ತವನನ್ನು ಜನ ಕ್ಷಮಿಸುತ್ತಾರೆ. ಎಲೆ ಎಣಿಸಿ ಕಿತ್ತು, ಡಬ್ಬಿಗೆ ಹಾಕಿ, ಮೇಲೊಂದು ನಂಬರು ಬರೆಯುವವನನ್ನು ಮಾತ್ರ ಯಾರೂ ನಂಬುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕೆಲಸವೇ ಅದಾಗಿತ್ತು. ತೋಟಕ್ಕೆ ಹೊಡೆಯುವ ಮೈಲುತುತ್ತದಲ್ಲಿ ತಾಮ್ರ ಇರುತ್ತದಲ್ಲ, ಅದು ಮಿತಿಮೀರಿದರೆ ಗಿಡ ತನ್ನನ್ನು ಕಾಪಾಡಿಕೊಳ್ಳಲು ಕೆಲವು ಪ್ರೋಟೀನುಗಳನ್ನು ಜಾಸ್ತಿ ತಯಾರಿಸುತ್ತದೆ. ಅವನ್ನು ಅಳೆಯುವುದೇ ನನ್ನ ಪಿಎಚ್‌.ಡಿ. ಶುಂಠಿಯಿಂದ ವೀಳ್ಯದೆಲೆಯವರೆಗೆ ತಾಮ್ರ ಉಂಡ ಎಲೆ ಬೇಕಾದಷ್ಟು ಸಿಕ್ಕಿತ್ತು. ಹೋಲಿಸಿ ನೋಡಲು ತಾಮ್ರ ಸೋಕದ ಎಲೆ ಬೇಕು. ಅದಿಲ್ಲದಿದ್ದರೆ ಡಿಗ್ರಿಯೂ ಇಲ್ಲ.

೧. ಐಸ್ ಪೆಟ್ಟಿಗೆ

ಸಿದ್ದಾಪುರದಲ್ಲಿ ಅಂಥ ಎಲೆ ಸಿಕ್ಕಿತು. ಐಸಿನಲ್ಲಿಟ್ಟುಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಪೆಟ್ಟಿಗೆ ನೋಡಿ, “ಮೀನಾ?” ಎಂದ.

“ಎಲೆ.”

“ಎಲೆಗೆ ಐಸ್ ಎಂತಕ್ಕೆ?”

“ಪ್ರೋಟೀನ್ ಕೆಡ್ತದೆ.”

“ಪ್ರೋಟೀನ್ ಇರೋದು ಮೀನಲ್ಲೇ ಅಲ್ವೇನ್ರೀ!” ಎಂದವನೇ ಪೆಟ್ಟಿಗೆಯನ್ನು ಎಂಜಿನ್ನಿನ ಪಕ್ಕ ಇಡಿಸಿದ. ಶಿರಸಿ ಮುಟ್ಟುವಷ್ಟರಲ್ಲಿ ಐಸು ಕರಗಿ ಎಲೆ ಬೆಂದೇ ಹೋಗಿತ್ತು. ದಾರಿಯುದ್ದಕ್ಕೂ ಮೂಗು ಮುಚ್ಚಿಕೊಂಡು ನನ್ನನ್ನು ದುರುಗುಟ್ಟಿದ ಹಿರಿಯರೊಬ್ಬರು ಇಳಿಯುವಾಗ ಹತ್ತಿರ ಬಂದು ಪಿಸುಗುಟ್ಟಿದರು: “ಬಂಗಡೆಯಾದ್ರೆ ಎರಡು ಕೊಡು.”

೨. ಗುಂಡಿ

ಆಮೇಲೆ ಬನವಾಸಿ ಕಡೆಯ ರೈತರೊಬ್ಬರ ಹತ್ತಿರ ಔಷಧಿ ಕಾಣದ ಒಂದು ಶುಂಠಿ ಪಾತಿ ಸಿಕ್ಕಿತು. ತಾಮ್ರದ ವಿಚಾರ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೆಲದಾಗ ತಾಮ್ರ ಐತೇನ್ರಿ?”

“ನೆಲದಲ್ಲಿ ಹುಡುಕುತ್ತಿಲ್ಲ, ಎಲೆಯಲ್ಲಿ.”

“ಹಂಗ ಅನ್ರಿ,” ಎಂದು ನಕ್ಕರು. ಆ ನಗು ನನಗೆ ಸರಿಬರಲಿಲ್ಲ. ಮುಂದಿನ ವಾರ ಹೋದರೆ ಪಾತಿಯೇ ಇಲ್ಲ, ಆಳೆತ್ತರದ ಗುಂಡಿ!

“ನೀವು ಅಗಿಯೂಕಿಂತ ಮೊದ್ಲ ನಾವ ಅಗದ ಬಿಟ್ವಿ. ಏನೂ ಸಿಗಲಿಲ್ರಿ. ಬರ್ರಿ, ಖರೇ ಜಾಗ ಯಾವುದು, ಈಗರ ಹೇಳ್ರಿ.”

೩. ಎಲೆಬಳ್ಳಿ

ಕೊನೆಗೆ ಯಲ್ಲಾಪುರದ ಅಜ್ಜಿಯೊಬ್ಬಳ ಹಿತ್ತಲಿನ ವೀಳ್ಯದೆಲೆ ಬಳ್ಳಿಯನ್ನು ನೆಚ್ಚಿಕೊಂಡೆ. ತಾವೇ ಅಡಿಕೆ ಸುತ್ತಿ ಕವಳ ಹಾಕುವ ಎಲೆಗೆ ಯಾರಾದರೂ ಮೈಲುತುತ್ತ ಮುಟ್ಟಿಸುತ್ತಾರೆಯೇ? “ನಾಲ್ಕು ಎಲೆ ಸಾಕು” ಎಂದೆ. ಅಜ್ಜಿ “ಕೊಯ್ಕೊ” ಎಂದಳು. ಹದಿನೈದು ದಿನಕ್ಕೊಮ್ಮೆ ಹೋಗಿ ಕೊಯ್ದೆ.

ವರ್ಷದ ಕೊನೆಗೆ ನೋಡಿದರೆ ಆ ಪ್ರೋಟೀನುಗಳು ಮೈಲುತುತ್ತ ಹೊಡೆದ ಬಳ್ಳಿಗಿಂತ ಇದರಲ್ಲೇ ಹೆಚ್ಚು! ನಮ್ಮ ಗೈಡು ಕನ್ನಡಕದ ಮೇಲಿಂದ ನೋಡಿ, “ಎಲೆ ನಿಜವಾಗಿ ಕೊಯ್ದಿದ್ದೀಯಾ, ಅಥವಾ ಕೂತಲ್ಲೇ ಬರೆದಿದ್ದೀಯಾ?” ಎಂದರು. ಅಳು ಬಂತು. ಬಾವಿ, ಅಕ್ಕಪಕ್ಕದ ತೋಟ, ಲ್ಯಾಬಿನ ತಕ್ಕಡಿ ಎಲ್ಲದರ ಮೇಲೂ ಅನುಮಾನಪಟ್ಟು, ಕಡೆಗೆ ಅಜ್ಜಿಯನ್ನೇ ಕೇಳಿದೆ.

“ಮೈಲುತುತ್ತವಾ? ಬುಡಕ್ಕೆ ಆನೇ ಎನ್ನ ಕೈಯಾರೆ ಹೊಯ್ದೆ,” ಎಂದಳು ಅಜ್ಜಿ ಆರಾಮಾಗಿ. “ನಾಕು ಎಲೆ ಸಾಕು ಹೇಳಿ ಬಂದವ ನೀನು ಕಟ್ಟುಗಟ್ಲೆ ಒಯ್ದೆ. ನಿನ್ನ ಬಾಯಿ ನೋಡಿರೆ ಕೆಂಪಿಲ್ಲೆ. ಪ್ಯಾಟೇಲಿ ಮಾರ್ತೆ ಹೇಳಿ ಗೊತ್ತಾತು. ಎಲೆ ಕಹಿಯಾದ್ರೆ ನೀನು ಇಲ್ಲಿಗೆ ಬಪ್ಪದು ಬಿಡ್ತೆ ಹೇಳಿ ಮಾಡ್ದೆ. ಎನ್ನ ಕವಳಕ್ಕೆ ಬೇರೆ ಬಳ್ಳಿ ಇದ್ದು.”

“ಒಂದು ವರ್ಷದ ಕೆಲಸ ಹಾಳಾಯ್ತಲ್ಲ ಅಜ್ಜಿ! ನನಗೊಂದು ಮಾತು ಹೇಳಬಾರದಿತ್ತಾ?”

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು.

“ಕಳ್ಳಂಗೆ ಮೊದ್ಲೇ ಹೇಳಿಕ್ಕೆ ಬೀಗ ಹಾಕ್ತ್ವಾ ತಮಾ?”