ಮೂರು ಕಿಲೋ ಮುನ್ನೂರು ಗ್ರಾಂ

ಹೆದರಿಕೆಯನ್ನು ಜಾಣತನವೆಂದು ತೋರಿಸಿಕೊಳ್ಳುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ. ಈಜು ಬಾರದಿದ್ದರೂ ಕಾರವಾರದ ಕಡಲ ದಂಡೆಯಲ್ಲಿ ನಿಂತು ನೆಂಟರಿಗೆ ಅಲೆಗಳ ಬಗ್ಗೆ ಉಪನ್ಯಾಸ ಕೊಟ್ಟವನು ನಾನು. ಮಗಳು ಹುಟ್ಟಿದಾಗಲೂ ಅಷ್ಟೆ. ಅವಳನ್ನು ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಅದಕ್ಕೇ ಅವಳಿಗೊಂದು ತೂಕದ ಯಂತ್ರ ಮಾಡಿದೆ. ಕುತ್ತಿಗೆ ಇನ್ನೂ ನಿಲ್ಲದ ಜೀವ, ಎಲ್ಲಿ ಹಿಡಿಯಬೇಕೋ ತಿಳಿಯುತ್ತಿರಲಿಲ್ಲ. ಯಂತ್ರವಾದರೆ ಕೈಗೆ ಬಗ್ಗುವ ವಸ್ತು.

ಹೆಂಡತಿ ಶಾಲಿನಿ ಬಾಣಂತನಕ್ಕೆಂದು ಅಂಕೋಲೆಯ ತವರಿನಲ್ಲಿದ್ದಳು. ನಾನು ಕಾರವಾರದಲ್ಲಿ, ತಕ್ಕಡಿಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಚೇರಿಯಲ್ಲಿದ್ದೆ. ಬೈತಖೋಲದ ಬಂದರಿನಲ್ಲಿ ಮೀನಿನ ಬುಟ್ಟಿ ತೂಗುವಂಥ ತಕ್ಕಡಿಗಳು. ನನ್ನ ಯಂತ್ರ ನೂರು ಗ್ರಾಮಿಗೊಂದು ಹೆಜ್ಜೆಯಂತೆ ತೂಗಿ, ಅಂಕಿಯನ್ನು ಸೊನ್ನೆ-ಒಂದುಗಳಾಗಿ ಬದಲಿಸಿ ಕಳಿಸುತ್ತಿತ್ತು. ಫೋನಿನಲ್ಲಿ ನಾನು ಬರೆದ ಪ್ರೋಗ್ರಾಂ ಅದನ್ನು ಮತ್ತೆ ಅಂಕಿ ಮಾಡಿ ಶಾಲಿನಿಗೂ ನನಗೂ ತೋರಿಸುತ್ತಿತ್ತು. ಒಂದು ಕಿಲೋ, ಅರ್ಧ ಕಿಲೋ ಸಕ್ಕರೆ ಪೊಟ್ಟಣಗಳನ್ನು ಇಟ್ಟು ಇಟ್ಟು ಪರೀಕ್ಷಿಸಿದೆ. ಒಂದೂ ತಪ್ಪಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗುರುವಾರ ಮತ್ತು ಭಾನುವಾರ ಸ್ನಾನವಾದ ಮೇಲೆ ಅತ್ತೆ ತಟ್ಟೆಗೆ ಹಳೆ ಸೀರೆ ಹಾಸಿ, ಯಂತ್ರವನ್ನು ಸೊನ್ನೆಗೆ ತಂದು, ಮಗುವನ್ನು ಮಲಗಿಸುತ್ತಿದ್ದರು. ಭಾನುವಾರ ನಾನೂ ಹೋಗುತ್ತಿದ್ದೆ. ಮೀನಿನ ಸಾರು ಉಣ್ಣುತ್ತಿದ್ದೆ, ತೊಟ್ಟಿಲೊಳಗೆ ಬಗ್ಗಿ ಮಗಳ ಬೆರಳನ್ನು ಮುಟ್ಟುತ್ತಿದ್ದೆ, ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಎತ್ತಿಕೊಳ್ಳಿ ಎಂದರೆ ಕೈ ತೊಳೆದಿಲ್ಲ ಎನ್ನುತ್ತಿದ್ದೆ.

ಹೀಗಿರಲಾಗಿ ಒಂದು ಭಾನುವಾರ ಯಂತ್ರ 3.2 ತೋರಿಸಿತು. ಗುರುವಾರವೂ 3.2. ಅತ್ತೆ ಮೂರು ಸಲ ಮಲಗಿಸಿ ನೋಡಿದರೂ 3.2. ಅವತ್ತೇ ಬಾಣಂತಿಯ ಊಟದಲ್ಲಿ ಮೆಂತೆ ಹೆಚ್ಚಿತು, ಬೆಳ್ಳುಳ್ಳಿ ಇಮ್ಮಡಿಯಾಯಿತು. ನೋಡಲು ಬಂದ ಪಕ್ಕದ ಮನೆಯವರು ಪೌಡರ್ ಹಾಲಿನ ಮಾತೆತ್ತಿ ಹೋದರಂತೆ. ಸಂಜೆ ಶಾಲಿನಿ ಫೋನ್ ಮಾಡಿದಳು. "ನನ್ನ ಹಾಲು ಅವಳಿಗೆ ಸಾಲ್ತಾ ಇಲ್ಲ ಕಾಣ್ತದೆ" ಎಂದಳು.

ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿದೆ. ಅರ್ಗಾ ದಾಟುವಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಓದಬಾರದ್ದನ್ನೆಲ್ಲ ಓದಿ ಮುಗಿಸಿದ್ದೆ. ಮನೆ ಮುಟ್ಟಿದವನೇ ಲ್ಯಾಪ್‌ಟಾಪ್ ಬಿಚ್ಚಿ, ಯಂತ್ರ ಕಳಿಸಿದ್ದನ್ನು ಏನೂ ಕತ್ತರಿಸದೆ ನೋಡಿದೆ. ಗುರುವಾರದ ತೂಕ 3.29999995 ಎಂದಿತ್ತು.

ತಪ್ಪು ಎಲ್ಲಿದೆ ಎಂದು ಆಗಲೇ ತಿಳಿಯಿತು. ಕಂಪ್ಯೂಟರಿಗೆ ಗೊತ್ತಿರುವುದು ನಮ್ಮ ಅತ್ತೆಯ ಹಳೆಯ ಅಳತೆ: ಸೇರು, ಅರ್ಧ ಸೇರು, ಪಾವು, ಅರೆಪಾವು. ಅರ್ಧ ಮಾಡು, ಮತ್ತೆ ಅರ್ಧ ಮಾಡು, ಅಷ್ಟೇ. ಈ ಅಳತೆಗಳಿಂದ ಸೇರಿನ ಹತ್ತನೇ ಒಂದು ಪಾಲು ಕೊಡಿ ಎಂದರೆ ಅತ್ತೆ ಜೀವಮಾನವಿಡೀ ಅಳೆದರೂ ಒಂದು ಕಾಳು ಹೆಚ್ಚೋ ಕಡಿಮೆಯೋ ಆಗಿಯೇ ತೀರುತ್ತದೆ. 3.3 ಯಂತ್ರದೊಳಗೆ ಹೋಗುವಾಗ ಕೂದಲೆಳೆಯಷ್ಟು ಕಡಿಮೆಯಾಗಿತ್ತು. ಹತ್ತಿರದ ಅಂಕಿಗೆ ಸರಿಮಾಡು ಎನ್ನಬೇಕಾದ ಕಡೆ ನಾನು, ಬಿಂದುವಿನಾಚೆ ಒಂದು ಅಂಕಿ ಉಳಿಸಿ ಮಿಕ್ಕದ್ದನ್ನು ಕತ್ತರಿಸು ಎಂದು ಬರೆದಿದ್ದೆ; ಹಾಗಾಗಿ 3.3 ಇದ್ದದ್ದು ಪರದೆಯ ಮೇಲೆ 3.2 ಆಗಿತ್ತು. ಕಿಲೋ, ಅರ್ಧ ಕಿಲೋ ಪೊಟ್ಟಣಗಳು ಅರ್ಧದ ಲೆಕ್ಕಕ್ಕೆ ಸರಿಯಾಗಿ ಕೂರುವುದರಿಂದ ಪರೀಕ್ಷೆಯಲ್ಲಿ ಪಾಸಾದೆ. ನನ್ನ ಮಗಳು ಸಕ್ಕರೆ ಪೊಟ್ಟಣವಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಒಂದು ಸಾಲು ತಿದ್ದಲು ಒಂದು ನಿಮಿಷ ಸಾಕಾಯಿತು. ಅದನ್ನು ಶಾಲಿನಿಗೆ ಹೇಳಲು ಎರಡು ಲೋಟ ಚಹಾ ಬೇಕಾಯಿತು. ಮಗು ನೂರು ಗ್ರಾಂ ಬೆಳೆದಿತ್ತು, ತಿಂದು ಹಾಕಿದ್ದು ನನ್ನ ಪ್ರೋಗ್ರಾಂ, ನಿನ್ನ ಹಾಲಿಗೆ ಏನೂ ಆಗಿಲ್ಲ ಎಂದೆ. ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮಗುವಿನ ತಲೆ ಸವರುತ್ತಾ ಕೂತಳು. ಬೈದಿದ್ದರೇ ವಾಸಿಯಿತ್ತು.

ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಂದವರೇ ಶಾಲಿನಿಯ ಮಡಿಲಿನಿಂದ ಮಗುವನ್ನು ಎತ್ತಿದರು. "ಕೈ ತೊಳ್ಕೊಂಡು ಬನ್ನಿ. ಇವತ್ತು ನೀವೇ ತೂಗಿ" ಎಂದರು. ತೊಳೆದುಕೊಂಡು ಬಂದೆ. ಬೇರೆ ನೆಪ ತಕ್ಷಣಕ್ಕೆ ಸಿಗಲಿಲ್ಲ. ಕುತ್ತಿಗೆಯ ಕೆಳಗೆ ಒಂದು ಕೈ, ಬೆನ್ನ ಕೆಳಗೆ ಒಂದು ಕೈ ಇಡಿಸಿ, ಅತ್ತೆ ತಮ್ಮ ಕೈ ಬಿಟ್ಟೇಬಿಟ್ಟರು. ಮಗು ಬಿಸಿಯಾಗಿತ್ತು. ಒಮ್ಮೆ ಆಕಳಿಸಿ, ನನ್ನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತು. ನನಗೆ ಯಾಕೋ ಅಳು ಬಂತು.

ಅದನ್ನು ಮರೆಸಲು ಗಂಟಲು ಸರಿಮಾಡಿಕೊಂಡು, ತಜ್ಞನ ದನಿಯಲ್ಲಿ, "ಹೋದ ವಾರಕ್ಕಿಂತ ಚೆನ್ನಾಗಿ ಭಾರ ಆಗಿದ್ದಾಳೆ" ಎಂದೆ.

"ಹೋದ ವಾರ ನೀವು ಎತ್ಕೊಂಡಿದ್ದೇ ಇಲ್ಲ" ಎಂದಳು ಶಾಲಿನಿ.