ಟ್ಯಾಮ್‌ವರ್ತ್ ಗೆದ್ದ ಸೀನಪ್ಪ

ಸೀನಪ್ಪನ ರಜೆ ಅರ್ಜಿ ಹತ್ತು ದಿನಗಳಿಂದ ಮ್ಯಾನೇಜರರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದುಕೊಂಡಿತ್ತು. ಬರುವ ಬುಧವಾರ ಬೆಳ್ತಂಗಡಿಯಲ್ಲಿ ಅವನ ಅಕ್ಕನ ಮಗಳ ಮದುವೆ. ಸೋದರಮಾವ ಬಾರದೆ ಧಾರೆಗೆ ನಿಲ್ಲುವುದಿಲ್ಲ ಎಂದು ತಂದೆಯಿಲ್ಲದ ಆ ಹುಡುಗಿ ಹಟ ಹಿಡಿದಿದ್ದಳು. ಅಕ್ಕ ಪೂವಕ್ಕ ದಿನಕ್ಕೆ ಮೂರು ಸಲ ಫೋನ್ ಮಾಡಿ ಅಳುತ್ತಿದ್ದಳು.

ಮ್ಯಾನೇಜರ್ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನವರು. ಸಾವಿರದ ನೂರು ವರ್ಷಗಳ ಹಿಂದೆ ಎಥೆಲ್‌ಫ್ಲೆಡ್ ಎಂಬ ಸ್ಯಾಕ್ಸನ್ ಒಡತಿ ಕಡಲು ದಾಟಿ ಬಂದ ಡೇನರ ಕಾಟ ತಡೆಯಲು ಆ ಊರಿಗೆ ಮಣ್ಣಿನ ಕೋಟೆ ಕಟ್ಟಿಸಿದ್ದಳು. ಸೀನಪ್ಪ ಕೆಲಸ ಮಾಡುವ ದೋಹಾದ ಕಚೇರಿಯಲ್ಲಿ ಚಹಾ ತರುವವನಿಗೂ ಈ ಚರಿತ್ರೆ ಬಾಯಿಪಾಠವಾಗಿತ್ತು. ಇವತ್ತು ಗುರುವಾರ ಸಂಜೆ ಐನ್ ಖಾಲಿದ್‌ನ ಸಾಹೇಬರ ಮನೆಯಂಗಳದಲ್ಲಿ ಅವರೇ ಬರೆದ ನಾಟಕ. ಡೇನರ ನಾಯಕ ಕೋಟೆ ಬಾಗಿಲಿಗೆ ಬರುತ್ತಾನೆ, ಎಥೆಲ್‌ಫ್ಲೆಡ್ ಆದ ಸಾಹೇಬರ ಹೆಂಡತಿ, ಮೇಡಂ, ನಾಲ್ಕು ಮಾತು ಹೇಳುತ್ತಾರೆ, ಅವನು ಸೋತೆ ಎಂದು ಹೊರಡುತ್ತಾನೆ. ಇಷ್ಟೇ.

ಡೇನನಾಗಬೇಕಿದ್ದ ಝಕರಿಯಾ ಕೆಲಸದ ಮೇಲೆ ದೂರದ ದುಖಾನ್‌ಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡ. ಪಕ್ಕದ ಸೀಟಿನ ವಿಲ್ಫ್ರೆಡ್‌ನ ಕಣ್ಣು ಸೀನಪ್ಪನ ಮೇಲೆ ಬಿತ್ತು.

"ಒಂದೇ ಡೈಲಾಗ್ ಮಾರಾಯ. ಐ ಸರೆಂಡರ್ ಅಂತ ಹೇಳಿ ತಲೆ ತಗ್ಗಿಸು. ಸಾಹೇಬ್ರು ಖುಷಿಯಾದ್ರೆ ನಿನ್ನ ಫಾರ್ಮಿಗೆ ಅಲ್ಲೇ ಸೈನ್, ಖಲಾಸ್."

ಸೀನಪ್ಪ ಒಪ್ಪಿದ. ಡ್ರೈವರ್ ಹಸೈನಾರ್ ಅವನ ಬೆನ್ನಿಗೆ ಹಳೆಯ ಜಮಖಾನ ಕಟ್ಟಿದ. ಆಫೀಸಿನ ಶರ್ಮಿಳಾ ಕಾಡಿಗೆಯಲ್ಲಿ ಗಡ್ಡ ಬರೆದಳು, ಕಾರು ಐನ್ ಖಾಲಿದ್ ತಲುಪುವಷ್ಟರಲ್ಲಿ ಅದು ಬೆವರಿಗೆ ಕರಗಿ ಎದೆಗಿಳಿಯಿತು. ಶಿರಸ್ತ್ರಾಣವೆಂದು ತಲೆಗೆ ಕವುಚಿದ ಸ್ಟೀಲ್ ಪಾತ್ರೆ ಹುಬ್ಬು ದಾಟಿ ಕಣ್ಣಿಗೇ ಇಳಿದದ್ದರಿಂದ, ನಾಟಕದ ಕೋಟೆಗಿಂತ ಮೊದಲು ಮನೆಯ ಗೇಟಿಗೇ ಅವನು ಡಿಕ್ಕಿ ಹೊಡೆದ.

ಅವನನ್ನು ಆರಿಸಿದವರು ಒಂದು ಸಂಗತಿ ಮರೆತಿದ್ದರು. ಸೀನಪ್ಪ ಪ್ರತಿ ಶುಕ್ರವಾರ ಅಲ್ ಮನ್ಸೂರಾದಲ್ಲಿ ತಾಳಮದ್ದಳೆಗೆ ಕೂರುವವನು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಎದುರಾಳಿ ಒಂದು ಹೇಳಿದರೆ ಇವನು ಎರಡು ಹೇಳಬೇಕು. ಕತೆಯಲ್ಲಿ ಸಾಯುವವನು ಕೂಡ ಮಾತಿನಲ್ಲಿ ಸೋತರೆ ಮಾನ ಹೋದಂತೆ.

ಪ್ಲೈವುಡ್ ಕೋಟೆಯ ಮೇಲೆ ನಿಂತು ಮೇಡಂ ಗದರಿದರು: ಇದು ನಮ್ಮ ಊರು, ಈ ಗೋಡೆ ದಾಟಬೇಡ. ಸರೆಂಡರ್ ಎನ್ನಲು ಬಾಯಿ ತೆರೆದ ಸೀನಪ್ಪನಿಗೆ ಹದಿನೈದು ವರ್ಷಗಳ ಅಭ್ಯಾಸ ಗಂಟಲಿಗೆ ಅಡ್ಡ ಬಂತು. ತನ್ನ ಆಫೀಸು ಇಂಗ್ಲಿಷಿನಲ್ಲೇ ಶುರುಮಾಡಿದ.

"ಮಹಾರಾಣೀ, ಸಣ್ಣದೊಂದು ಸಂಶಯ. ನಿಮ್ಮ ಹಿರಿಯರು ಈ ದ್ವೀಪಕ್ಕೆ ಬಂದದ್ದು ದೋಣಿಯಲ್ಲಿ ಅಲ್ಲವೇ? ನಾವು ಬಂದದ್ದೂ ದೋಣಿಯಲ್ಲೇ. ಮೊದಲ ದೋಣಿಯವರು ಒಡೆಯರು, ಆಮೇಲಿನ ದೋಣಿಯವರು ಮಾತ್ರ ಕಳ್ಳರೇ?"

ಅಂಗಳದಲ್ಲಿ ಕುಳಿತವರೆಲ್ಲ ಎಲ್ಲೆಲ್ಲಿಂದಲೋ ದುಡಿಯಲು ಬಂದವರು. ಸಿಳ್ಳೆ ಮುಗಿಲಿಗೇರಿತು. ಮೇಡಂ ಕೈಯ ಕಾಗದವನ್ನು ತಿರುಗಿಸಿ ನೋಡಿದರು, ಹಿಂದೆಯೂ ಉತ್ತರವಿರಲಿಲ್ಲ. ವಿಲ್ಫ್ರೆಡ್ ಮರೆಯಿಂದ ನಿಲ್ಲಿಸು ಎಂದು ಕೈಕಾಲು ಬಡಿದ. ಪಾತ್ರೆಯೊಳಗಿನ ಸೀನಪ್ಪನಿಗೆ ಅದು ಕಾಣಲಿಲ್ಲ. ಈ ಗೋಡೆಗೆ ರಾಣಿ ಎಷ್ಟು ಬುಟ್ಟಿ ಮಣ್ಣು ಹೊತ್ತರು ಎಂದು ಕೇಳಿದ. ಹೊತ್ತವರಿಗೆ ಕೋಟೆಯೊಳಗೆ ಮನೆ ಸಿಕ್ಕಿತೇ ಎಂದು ಕೇಳಿದ. ಅರ್ಧ ಗಂಟೆಯ ಬಳಿಕ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬಾಗಿಲು ತೆಗೆದು ಒಳಗೆ ಕರೆದರು. ಟ್ಯಾಮ್‌ವರ್ತ್ ಬಿತ್ತು.

ಜನ ಸೀನಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಜನ್ಮದಲ್ಲಿ ಅವನಿಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಆಗ ಸಾಹೇಬರು ಎದ್ದು ಬಂದರು. ಜನ ಅವನನ್ನು ಕೆಳಗಿಳಿಸಿದರು. ಅವರು ಸೀನಪ್ಪನನ್ನು ಬಿಗಿದಪ್ಪಿ, ಜೇಬಿನಿಂದ ರಜೆ ಅರ್ಜಿ ತೆಗೆದು, ನಾಲ್ಕು ಚೂರು ಮಾಡಿದರು.

"ಭಾನುವಾರದಿಂದ ಎರಡು ವಾರ ಆ ಹಟಮಾರಿ ಕಂಟ್ರಾಕ್ಟರನ ಜೊತೆ ಮಾತುಕತೆ. ನಮ್ಮ ಕಡೆಯಿಂದ ನೀನೇ ಕೂರಬೇಕು."

ಸೀನಪ್ಪನ ಜೀವ ಹಾರಿಹೋದಂತಾಯಿತು. ಇದ್ದಬದ್ದ ಬುದ್ಧಿಯನ್ನೆಲ್ಲ ಒಟ್ಟುಮಾಡಿ ಅವನು ರಜೆಗಾಗಿ ವಾದಕ್ಕೆ ನಿಂತ. ಸೋದರಮಾವನ ಕರ್ತವ್ಯ ಹೇಳಿದ, ತಂದೆಯಿಲ್ಲದ ಹುಡುಗಿಯ ಹಟ ಹೇಳಿದ, ಅಕ್ಕನ ಕಣ್ಣೀರು ಹೇಳಿದ, ಒಂದಕ್ಕೊಂದು ಪೋಣಿಸಿ ಎಲ್ಲೂ ಸಂದಿಲ್ಲದಂತೆ ಹೇಳಿದ. ಹಸೈನಾರ್ ಬಿಕ್ಕಿದ. ಸಾಹೇಬರ ಕಣ್ಣೂ ತುಂಬಿ ಬಂತು. ಅವರು ಸೀನಪ್ಪನ ಎರಡೂ ಕೈ ಹಿಡಿದುಕೊಂಡರು.

"ಭಾನುವಾರ ಹೀಗೇ ಮಾತಾಡು," ಎಂದರು.