ನಾಲ್ಕನೇ ರೇಸಿನ ಕೌದಿಯವ್ವ

ದೇಶವಿದೇಶದ ಮಕ್ಕಳನ್ನು ಹೆದರಿಸುತ್ತಿರುವ ಒಂದು ದೆವ್ವಕ್ಕೆ ನಮ್ಮತ್ತಿಯೇ ಹೆತ್ತ ತಾಯಿ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಯಾರೂ ನಂಬುತ್ತಿಲ್ಲ! ಈಗ ಆಕೆಯ ತಕರಾರು ಇರುವುದೇ ಅದರ ಮೇಲೆ.

ಅತ್ತಿ ಎಂದರೆ ನಮ್ಮಪ್ಪನ ಅಕ್ಕ. ಊರು ಕುಷ್ಟಗಿ. ಕಸುಬು ಕೌದಿ ಹೊಲಿಯುವುದು. ಹಳೇ ಸೀರೆ, ಹರಿದ ಧೋತರ, ಬಣ್ಣ ಹೋದ ಅಂಗಿ, ಗಿಡ್ಡಾದ ಚಡ್ಡಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ದಾರ ಎಳೆದು, ಹೊದೆಯಲು ಬೆಚ್ಚನೆಯ ಹೊದಿಕೆ ಮಾಡಿಕೊಡುತ್ತಾಳೆ. ಕೌದಿ ಹೊಲಿಯುವವರನ್ನು ಮನೆಗೇ ಕರೆಸುವುದು ನಮ್ಮ ಕಡೆಯ ರೂಢಿ. ಅತ್ತಿ ಒಬ್ಬರ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳೆಂದರೆ ಮೂರು ದಿನ ಸೂಜಿಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಸೂಜಿಗಾದರೂ ನಡುನಡುವೆ ದಾರ ಮುಗಿಯುತ್ತದೆ! ಕುಷ್ಟಗಿಯ ಸುದ್ದಿ ಯಲಬುರ್ಗಾಕ್ಕೆ, ಯಲಬುರ್ಗಾದ್ದು ಕುಕನೂರಿಗೆ, ಅಲ್ಲಿಂದ ಕೊಪ್ಪಳಕ್ಕೆ, ಕೊಪ್ಪಳದ್ದು ಗಂಗಾವತಿಗೆ. ನಮ್ಮ ಜಿಲ್ಲೆಗೆ ಇಂಟರ್ನೆಟ್ ಬಂದಾಗ ಯಾರೂ ಬೆರಗಾಗಲಿಲ್ಲ. ಅತ್ತಿ ಅದಕ್ಕಿಂತ ಮೊದಲೇ ಬಂದಿದ್ದಳಲ್ಲ!

ಇನ್ನು ಆ ದೆವ್ವದ ಜನನ. ಆಗ ನನಗೆ ಒಂಬತ್ತು ವರ್ಷ. ಸಾಲಿ ಕಲಿಯಲಿ ಎಂದು ನನ್ನನ್ನು ಅತ್ತಿಯ ಮನೆಯಲ್ಲಿ ಬಿಟ್ಟಿದ್ದರು. ನಾನು ಕಲಿಯುತ್ತಲೂ ಇದ್ದೆ. ಆದರೆ ಬಸ್‌ಸ್ಟ್ಯಾಂಡಿನ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ. ಬೈಕಿನ ರೇಸು; ಪಕ್ಕದಲ್ಲಿ ಬಂದವನನ್ನು ಒದ್ದು ಬೀಳಿಸಬೇಕು. ಗಣಿತದ ತಾಸಿಗೆ ಸರಿಯಾಗಿ ನನಗೆ ಹೊಟ್ಟೆನೋವು ಬರುತ್ತಿತ್ತು, ಆ ಅಂಗಡಿಯ ಬಾಗಿಲಲ್ಲಿ ವಾಸಿಯಾಗುತ್ತಿತ್ತು.

ಒಂದು ದಿನ ಹಿಂದಿನಿಂದ ಯಾರೋ ಕಿವಿ ಹಿಡಿದರು. ಅತ್ತಿ! ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ಮಿಂಚುತ್ತಿತ್ತು. ಕಿವಿ ಬಿಡದೆ ಒಂದು ನಿಮಿಷ ಆಟವನ್ನೇ ದಿಟ್ಟಿಸಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ದಾರಿಯಲ್ಲಿ ತಣ್ಣಗೆ ಕೇಳಿದಳು:

“ಎಷ್ಟನೇ ಆಟಕ್ಕ ಬಂದಿದ್ದಿ?”

“ಮೂರನೇ ರೇಸ್, ಅತ್ತಿ.”

“ನಾಲ್ಕಕ್ಕ ಹೋಗಿಲ್ಲಲ್ಲ? ಪುಣ್ಯಾ ಮಾಡಿದ್ದಿ ಬಿಡು.”

ಅಷ್ಟೇ. ಮನೆ ಬರುವವರೆಗೂ ಮುಂದಿನ ಮಾತಿಲ್ಲ! ನಾನು ಸೆರಗು ಜಗ್ಗಿ ಜಗ್ಗಿ ಕೇಳಿದ ಮೇಲೆ, ಊಟಕ್ಕೆ ಬಡಿಸುತ್ತ ಹೇಳಿದಳು. ನಾಲ್ಕನೇ ರೇಸಿನಲ್ಲಿ ರಸ್ತೆ ಬದಿಗೆ ಒಬ್ಬ ಹೆಂಗಸು ನಿಂತಿರುತ್ತಾಳೆ. ತಲೆ ಮೇಲೆ ಕೌದಿಯ ಗಂಟು. ಕೈ ಅಡ್ಡ ಮಾಡುತ್ತಾಳೆ. ನಿಲ್ಲಿಸದೆ ಹೋದೆಯೋ, ತಾನಾಗಿಯೇ ಹಿಂದಿನ ಸೀಟಿಗೆ ಬಂದು ಕೂತಿರುತ್ತಾಳೆ. ಆ ಕೌದಿಯ ಒಂದೊಂದು ತುಂಡೂ ಗಾಡಿ ನಿಲ್ಲಿಸದ ಒಬ್ಬೊಬ್ಬ ಹುಡುಗನ ಅಂಗಿ.

“ನಿನ್ನ ಅಂಗಿ ಯಾವ ಬಣ್ಣದ್ದೋ?”

“ನೀಲಿ, ಅತ್ತಿ.”

“ಹೂಂ. ಆಕಿಗೆ ನೀಲಿ ತುಂಡ ಕಮ್ಮಿ ಬಿದ್ದಾವಂತ. ತಿನ್ನು, ರೊಟ್ಟಿ ಆರ್ತಾವ.”

ಆಟ ಅವತ್ತೇ ಬಿಟ್ಟೆ. ಆದರೆ ನಮ್ಮ ಸಾಲಿಯ ಸಮವಸ್ತ್ರವೇ ನೀಲಿ! ಎಂಟು ದಿನ ಸಾಲಿಗೂ ಹೋಗಲಿಲ್ಲ. ಒಂದು ಚಟ ಬಿಡಿಸಲು ಹೋಗಿ ಎರಡು ಬಿಡಿಸಿದ ಕೀರ್ತಿ ಅತ್ತಿಯದು.

ಔಷಧಿ ಗುಣ ತೋರಿಸಿದ್ದೇ ಅತ್ತಿ ಹೋದ ಹೋದ ಮನೆಯಲ್ಲೆಲ್ಲ ಅದನ್ನೇ ಹಂಚಿದಳು. ತಾಯಂದಿರು ಕೇಳಿ ಕೇಳಿ ಹಾಕಿಸಿಕೊಂಡರು, ಪೋಲಿಯೋ ಹನಿಯ ಹಾಗೆ. “ಅಕ್ಕಾ, ನಮ್ಮ ಹುಡುಗಗ ಅದೊಂದೀಟು ಹೇಳ್ರಿ.” ಅತ್ತಿಯ ಬಾಯಿಗೆ ಸಿಗದೆ ಉಳಿದ ಊರುಗಳನ್ನು ನಾನು ವಹಿಸಿಕೊಂಡೆ. ನಾನು ಮಿಮಿಕ್ರಿ ಮಾಡುವವನು. ಬಸ್ ಕಂಡಕ್ಟರು, ಹೆಡ್‌ಮಾಸ್ತರು, ಮೇಕೆ, ಮೇಕೆಯಂತೆ ಮಾತಾಡುವ ಹೆಡ್‌ಮಾಸ್ತರು, ಯಾರ ದನಿಯಾದರೂ ಸರಿ. ಸ್ವಂತದ್ದೊಂದು ದನಿ ಇದೆಯೇ ಎಂದು ನಮ್ಮಪ್ಪ ಇನ್ನೂ ಹುಡುಕುತ್ತಿದ್ದಾನೆ. ಗಂಗಾವತಿಯಲ್ಲಿ ಓದುವಾಗ ಹಾಸ್ಟೆಲಿನ ಹುಡುಗರಿಗೆ ಕೌದಿಯವ್ವನ ದನಿಯನ್ನೇ ತೆಗೆದು ತೋರಿಸಿದೆ. ಒಂದು ಕೆಮ್ಮು ಸೇರಿಸಿದೆ, ಕಾಲುಂಗುರದ ಸದ್ದು ಸೇರಿಸಿದೆ. ಕುಕನೂರಿನ ಹುಡುಗನೊಬ್ಬ ತನ್ನ ಅಣ್ಣನ ಭಾಮೈದ ಕಣ್ಣಾರೆ ಕಂಡಿದ್ದಾನೆ ಎಂದು ಆಣೆ ಮಾಡಿದ. ಇನ್ನೊಬ್ಬನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವನು ಕಂಪ್ಯೂಟರ್ ಸೆಂಟರಿಗೆ ಹೋಗಿ, ಭಯಾನಕ ಕಥೆಗಳ ಯಾವುದೋ ವೆಬ್‌ಸೈಟಿಗೆ ಅದನ್ನು ಬರೆದು ಹಾಕಿ ಬಂದ. ಕೌದಿಯವ್ವ ಕುಷ್ಟಗಿಯಿಂದ ವಿದೇಶಕ್ಕೆ ಹೋದದ್ದು ಹೀಗೆ. ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ!

ವಿದೇಶಕ್ಕೆ ಹೋದವರು ಬದಲಾಗದೆ ಬರುತ್ತಾರೆಯೇ? ವರ್ಷಗಳು ಕಳೆದ ಮೇಲೆ ಆಕೆ ಮೊಬೈಲಿನಲ್ಲಿ ತವರಿಗೆ ಬಂದಳು. ಅತ್ತಿಯ ಮಗಳು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದಾಳೆ. ಆಕೆಯ ಮಗಳಿಗೆ ಆರು ವರ್ಷ. ಆ ಕೂಸು ಒಂದು ವಿಡಿಯೋ ನೋಡಿತು. ಬಾವಿಯ ತಳದಲ್ಲಿ ಕೂತಂತೆ ಮಾತಾಡುವ ಒಬ್ಬ ಮನುಷ್ಯ, ಹಿಂದೆ ಕುಂಯ್ ಎನ್ನುವ ಸಂಗೀತ. ಅವನ ಪ್ರಕಾರ ಕೌದಿಯವ್ವ ಹುಟ್ಟಿದ್ದು ಜಪಾನಿನಲ್ಲಿ. ಆಟ ತಯಾರಿಸಿದ ಇಂಜಿನಿಯರು ಮಾಯವಾದ. ನಾಲ್ಕನೇ ರೇಸು ಆಡಿದ ಮಕ್ಕಳೆಲ್ಲ ಜ್ವರ ಬಂದು ಮಲಗಿದರು. ಕೌದಿಯ ಮೂಲೆಯಲ್ಲಿ ಮನುಷ್ಯನ ಬೆರಳಿನ ಎಲುಬು ಹೊಲಿದಿರುತ್ತದೆ!

ಅತ್ತಿಗೆ ಸಿಟ್ಟು ಬಂದದ್ದು ಎಲುಬಿನ ಮಾತಿಗೆ. “ಅಯ್ಯ ಅವನ ಬಾಯಿಗಿ ಮಣ್ಣ ಹಾಕ! ಕೌದಿ ಹಸದಿರಬಾರದಂತ ಕಡೀ ಮೂಲ್ಯಾಗ ಹೋಳಿಗಿ ಚೂರು ಇಟ್ಟು ಹೊಲಿತೀವೋ. ಎಲುಬಂತ ಎಲುಬು! ಕೌದಿ ಅಂದ್ರ ಏನಂತ ತಿಳದಾನ?”

ಜಪಾನಿಗೆ ಕೊಟ್ಟರೂ ಬೇಜಾರಿಲ್ಲ, ಕಸುಬಿನಲ್ಲಿ ತಪ್ಪು ಹಿಡಿಯಬಾರದು. ಅತ್ತಿ ಅಂಥವಳು.

ಆದರೆ ನಗು ಅಲ್ಲಿಗೇ ನಿಂತಿತು. ಆ ಕೂಸು ಹುಟ್ಟಿದಾಗ ಅತ್ತಿ ಒಂದು ಕೌದಿ ಹೊಲಿದಿದ್ದಳು. ಅದರ ಮೇಲೆಯೇ ಬೋರಲು ಬಿದ್ದು, ಅಂಬೆಗಾಲಿಟ್ಟು, ಉಚ್ಚೆ ಹೊಯ್ದು ಬೆಳೆದ ಮಗು, ವಿಡಿಯೋ ನೋಡಿದ ಮೇಲೆ ಕೌದಿ ಕಂಡರೆ ಕಿರುಚತೊಡಗಿತು. ಆಮೇಲೆ ಕೌದಿ ಹೊಲಿಯುವ ಅಜ್ಜಿಯನ್ನು ಕಂಡರೂ ಅಷ್ಟೆ. ಅತ್ತಿ ಬಾಗಿಲಲ್ಲಿ ಕಾಣಿಸಿದರೆ ಸಾಕು, ಕಾಟಿನ ಕೆಳಗೆ ಸೇರಿಕೊಂಡು ಅಲ್ಲಿಂದಲೇ ಕೇಳುತ್ತಿತ್ತು, “ಅಜ್ಜೀ, ಸೂಜಿ ತಂದಿಯೇನು?”

“ಊರು ನನ್ನ ಏನರ ಅನ್ನಲಿ,” ಅಂದಳು ಅತ್ತಿ ನನಗೆ. “ಆ ಕೂಸು ಬಂದು ನನ್ನ ತೊಡಿ ಮ್ಯಾಲೆ ಕುಂದ್ರಬೇಕು. ಅಷ್ಟ.”

ಶುರುವಾಯಿತು ನೋಡಿ ಸತ್ಯಾಗ್ರಹ! ಸುಳ್ಳು ಹೇಳಲು ಅತ್ತಿಗೆ ಒಂದು ಊಟದ ಹೊತ್ತು ಸಾಕಾಗಿತ್ತು. ವಾಪಸು ತೆಗೆದುಕೊಳ್ಳಲು ನಾಲ್ಕು ತಾಲೂಕು ಸಾಲಲಿಲ್ಲ. ಮೊದಲು ಕೂಸಿಗೇ ಹೇಳಿದಳು, “ಅದು ನಾ ಕಟ್ಟಿದ ಸುಳ್ಳ ಕತಿಯವ್ವಾ.”

ಕಾಟಿನ ಕೆಳಗಿನಿಂದ ಉತ್ತರ ಬಂತು: “ಇಲ್ಲಜ್ಜಿ, ಅದು ಜಪಾನ್‌ದಾಗ ಆಗಿದ್ದು. ನೀ ಜಪಾನ್ ನೋಡಿಯೇನು?”

ಮೂಡಲ ದಿಕ್ಕಿಗೆ ಗಂಗಾವತಿ ದಾಟದ ಅತ್ತಿ ಏನು ಹೇಳಬೇಕು? ಮಂದಿ ಒಪ್ಪಿದರೆ ಮಗು ಒಪ್ಪೀತು ಎಂದು ಮಂದಿಯ ಬಾಗಿಲಿಗೆ ಹೋದಳು. ಯಲಬುರ್ಗಾದಲ್ಲಿ ಮೀಸೆ ಚಿಗುರುತ್ತಿದ್ದ ಒಬ್ಬ ಪೋರ, “ಅಜ್ಜಿ, ನೀವ ಕಟ್ಟಿದ್ದಂತ ಪುರಾವಾ ಏನೈತ್ರಿ?” ಎಂದು ಕೇಳಿದ. ಖರೆ ಹೇಳಿದ್ದಕ್ಕೆ ಸಾಕ್ಷಿ ಕೇಳುವುದುಂಟು, ಸುಳ್ಳು ಹೇಳಿದ್ದಕ್ಕೂ ಸಾಕ್ಷಿ ಎಲ್ಲಿಂದ ತರುವುದು? ಗಂಗಾವತಿಯಲ್ಲಿ, ಹಿಂದೆ ಅತ್ತಿಯಿಂದಲೇ ಕಥೆ ಹಾಕಿಸಿಕೊಂಡ ಮನೆಯಾಕೆ ಕೈ ಹಿಡಿದು ಸಮಾಧಾನ ಮಾಡಿ ಕಳಿಸಿದಳು: “ಏ ಅಕ್ಕಾ, ನೀವು ಹೇಳಿದ್ದು ಖರೇನ ಇತ್ರಿ. ನಮ್ಮ ಹುಡುಗ ನೋಡ್ಯಾನ. ನೀವು ಯಾಕ ಅಂಜತೀರಿ?”

ಕೊನೆಗೆ ನನ್ನನ್ನು ಸಾಕ್ಷಿಗೆ ಎಳೆದಳು. ನಾನು ಕಾಟಿನ ಮುಂದೆ ಮಂಡಿಯೂರಿ, ಗಂಭೀರವಾಗಿ, ಸ್ವಂತ ದನಿಯಲ್ಲಿ ಹೇಳಿದೆ: “ಕೌದಿಯವ್ವ ಇಲ್ಲ. ನಿಮ್ಮಜ್ಜಿ ಕಟ್ಟಿದ್ಲು, ನಾ ಹಬ್ಬಿಸಿದೆ.”

“ಮಾಮಾ, ಇದು ಯಾರ ಮಿಮಿಕ್ರಿ?” ಅಂದಿತು ಕೂಸು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಬಾವಿದನಿಯವನ ವಿಡಿಯೋವನ್ನು ಅತ್ತಿ ಮೂರು ಸಲ ನೋಡಿದಳು, ಅವನ ತಪ್ಪು ಹಿಡಿಯಲಿಕ್ಕಂತೆ! ಮರುದಿನ ನನಗೆ ಫೋನು. ದನಿ ಸಣ್ಣಗಾಗಿತ್ತು.

“ಯಪ್ಪಾ, ಒಂದ್ ವ್ಯಾಳೆ ನಾ ಹೇಳಿದ ಮ್ಯಾಲೆ ಆಕಿ ಹುಟ್ಟಿರಬಹುದೇನೋ?”

“ಇದೇನ್ ಹಚ್ಚೀದಿ ಅತ್ತಿ!”

“ಇಷ್ಟು ಮಂದಿ ಸುಳ್ಳು ಹೇಳ್ತಾರೇನೋ?”

ಆಮೇಲೆ ತಿಳಿಯಿತು: ಮನೆಯಲ್ಲಿದ್ದ ಒಂದು ಕೌದಿಯ ಮೂಲೆ ಬಿಚ್ಚಿ, ಹೋಳಿಗೆ ಹೋಳಿಗೆಯಾಗಿಯೇ ಇದೆಯೋ ಎಂದು ಅತ್ತಿ ಪರೀಕ್ಷೆ ಮಾಡಿದ್ದಳು. ಇತ್ತು. ಕಲ್ಲಿನಂತಾಗಿತ್ತು, ಅಷ್ಟೆ.

ಇನ್ನು ಉಳಿದದ್ದು ಒಂದೇ ದಾರಿ. ಆಟವನ್ನೇ ಆಡಿ ತೋರಿಸುವುದು. ಒಂದು ಭಾನುವಾರ ಮಧ್ಯಾಹ್ನ ಭಾಗ್ಯನಗರದ ಮನೆಯ ಕಂಪ್ಯೂಟರಿಗೆ ಆ ಹಳೇ ಬೈಕಿನ ಆಟವನ್ನು ಹುಡುಕಿ ಹಾಕಿದೆ. ಅತ್ತಿ ತಾನೇ ಆಡುತ್ತೇನೆ ಎಂದಳು. ಆಡಿದಳು ಕೂಡ! ಮೊದಲ ತಿರುವಿನಲ್ಲಿ ಎಮ್ಮೆಗೆ ಗುದ್ದಿ, “ತಪ್ಪಾತ್ರಿ, ತಪ್ಪಾತು!” ಎಂದು ಎಮ್ಮೆಗೆ ಕೈಮುಗಿದಳು. ಎದುರಾಳಿ ಒದ್ದರೆ, “ಯಾಕಪ್ಪಾ, ನಾ ನಿನಗೇನ್ ಮಾಡೀನಿ?” ಎಂದು ವಿಚಾರಿಸಿದಳು. ಹೀಗಾದರೆ ನಾಲ್ಕನೇ ರೇಸು ಮುಂದಿನ ಜನ್ಮಕ್ಕೆ ಎಂದು ನಾನೇ ಕೂತು ಮೂರು ರೇಸು ಗೆದ್ದೆ.

ನಾಲ್ಕನೆಯದು ಬಂತು. ಕೂಸು ಬಾಗಿಲ ಹತ್ತಿರ ನಿಂತಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೇಳಲು ನಾಚಿಕೆ: ತೊಟ್ಟ ಅಂಗಿ ನೀಲಿಯದಲ್ಲ ತಾನೇ ಎಂದು ಒಮ್ಮೆ ನೋಡಿಕೊಂಡೆ. ಮದುವೆಗೆ ಹೆಣ್ಣು ನೋಡುತ್ತಿರುವ ಗಂಡಸು ನಾನು! ಗಾಡಿ ಬಿಟ್ಟೆ. ರಸ್ತೆ, ಕಂಬ, ಗಿಡ, ರಸ್ತೆ, ಕಂಬ, ಗಿಡ. ಯಾರೂ ಇಲ್ಲ. ಗೆದ್ದೂಬಿಟ್ಟೆ.

“ನೋಡಿದೇನು? ಯಾರರ ಇದ್ರೇನು?”

ಕೂಸು ತಲೆ ಅಲ್ಲಾಡಿಸಿತು. “ನೀ ಭಾಳ ಜೋರ್ ಹೊಂಟಿದ್ದಿ ಮಾಮಾ. ಜೋರ್ ಹೋಗೋರಿಗೆ ಆಕಿ ಹೆಂಗ ಕಾಣ್ತಾಳ?” ಆಮೇಲೆ ಅತ್ತಿಯ ಕಡೆ ತಿರುಗಿತು. “ಅಜ್ಜಿ, ಆಕಿ ಯಾಕ ಕೈ ಮಾಡ್ತಾಳ?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂಬತ್ತು ವರ್ಷದ ನಾನು ಕೇಳಿರಲಿಲ್ಲ, ಹಾಸ್ಟೆಲಿನ ಹುಡುಗರು ಕೇಳಿರಲಿಲ್ಲ, ಬಾವಿದನಿಯವನಂತೂ ಕೇಳಿರಲಿಲ್ಲ. ಅತ್ತಿ ಇನ್ನೊಂದು ಕಥೆ ಕಟ್ಟುತ್ತಾಳೆ ಎಂದುಕೊಂಡೆ. ಆಕೆ ತನ್ನ ಬೆರಳುಗಳನ್ನು ನೋಡಿಕೊಂಡಳು.

“ಬಸ್ ತಪ್ಪಿರ್ತೈತವ್ವಾ,” ಅಂದಳು. “ಮೂರು ದಿನ ಮಂದಿ ಮನ್ಯಾಗ ಹೊಲದು ಬಂದಿರ್ತಾಳ. ತೆಲಿ ಮ್ಯಾಲೆ ಗಂಟು, ಕುತ್ತಿಗಿ ಕುಸಿಯೂವಷ್ಟು ಒಜ್ಜಿ. ನಡದರ ಊರು ದೂರ. ಮನ್ಯಾಗ ನಿಮ್ಮವ್ವ ಒಬ್ಬಾಕಿನ ಇದ್ಲು, ನಿನ್ನಷ್ಟ ಇದ್ಲು. ಬಾಗಲಾ ಹಾಕ್ಕೊಂಡು ಕುಂತಿರ್ತಾಳ ಅಂತ ಜೀವಾ ಹೊಡ್ಕೊತಿತ್ತು. ಬಂದಬಂದ ಗಾಡಿಗೆ ಕೈ ಮಾಡಿದೆ. ನೋಡ್ತಿದ್ರು, ನೋಡಿ ಜೋರ್ ಬಿಡ್ತಿದ್ರು.”

‘ಆಕೆ’ ಎಲ್ಲಿ ಮುಗಿದು ‘ನಾನು’ ಎಲ್ಲಿ ಶುರುವಾಯಿತು ಎಂದು ಅತ್ತಿಗೆ ಗೊತ್ತಾಗಿರಲಿಲ್ಲ. ಅಡಿಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅತ್ತಿಯ ಮಗಳು ಒದ್ದೆ ಕೈಯಲ್ಲೇ ಬಂದು ಗೋಡೆಗೆ ಆತು ನಿಂತಿದ್ದಳು.

ಕೂಸು ಒಳಗೆ ಬಂತು. ನನ್ನ ಕೈ ಸರಿಸಿ, “ಮಾಮಾ, ಮತ್ತ ನಾಲ್ಕನೇದ ಹಚ್ಚು,” ಅಂದಿತು. ಹಚ್ಚಿದೆ. ಗಾಡಿ ಹೊರಟಿತು, ಬಹಳ ಸಾವಕಾಶ. ಉಳಿದವರೆಲ್ಲ ಭರ್ ಎಂದು ದಾಟಿ ಹೋದರು. ಒಂದು ಗಿಡದ ಹತ್ತಿರ ಕೂಸು ಬ್ರೇಕು ಒತ್ತಿತು.

“ಇಲ್ಲೇನಜ್ಜಿ?”

“ಇನ್ನೊಂದೀಟು ಮುಂದ.”

“ಇಲ್ಲಿ?”

“ಹೂಂ. ಇಲ್ಲೆ.”

ಗಾಡಿ ನಿಂತಿತು. ಖಾಲಿ ರಸ್ತೆ. ಪರದೆಯ ಮೂಲೆಯಲ್ಲಿ ನಮ್ಮ ನಂಬರು ಕಟ್ಟಕಡೆಗೆ ಇಳಿದಿತ್ತು. ಕೂಸು ಕಾಯುತ್ತಿತ್ತು.

ಅತ್ತಿ ಎದ್ದು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂಸಿನ ಹಿಂದಿದ್ದ ಕಾಟಿನ ಮೇಲೆ ಕೂತಳು. ಕೂಸು ಕಣ್ಣು ಪರದೆಯಿಂದ ಕೀಳದೆ ಹಿಂದಕ್ಕೆ ಸರಿದು ಸರಿದು, ಆಕೆಯ ತೊಡೆಯ ಮೇಲೆ ಬಂದು ಕೂತಿತು.

“ಹತ್ತಿದೇನಜ್ಜಿ? ಬಿಡ್ಲಿ?”

ಅತ್ತಿ ಎರಡೂ ಕೈಯಿಂದ ಆ ಪುಟ್ಟ ನಡುವನ್ನು ಹಿಡಿದುಕೊಂಡಳು.

“ಹತ್ತಿದೆ ನೋಡವ್ವಾ. ಸಾವಕಾಶ ಬಿಡು. ಗಂಟು ಒಜ್ಜಿ ಐತಿ.”